ಬೆಂಕಿ ಬಿದ್ದರೆ ಯಾವ ಮೆಟ್ಟಿಲು?

ಬೆಂಗಳೂರಿನ ಅಗ್ನಿ ಅನಾಹುತಗಳ ಪಟ್ಟಿಯಲ್ಲಿ ಫೆಬ್ರುವರಿ 23 ಎರಡು ಸಲ ಬರುತ್ತದೆ. 2010ರ ಆ ದಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡು ಒಂಬತ್ತು ಮಂದಿ ಸತ್ತರು, ಹತ್ತಾರು ಮಂದಿ ಗಾಯಗೊಂಡರು. ಒಂಬತ್ತು ವರ್ಷಗಳ ಬಳಿಕ ಅದೇ ದಿನ, 2019ರಲ್ಲಿ, ಯಲಹಂಕದ ವಾಯುನೆಲೆಯಲ್ಲಿ ಏರೋ ಇಂಡಿಯಾ ಪ್ರದರ್ಶನ ನಡೆಯುತ್ತಿದ್ದಾಗ ವಾಹನ ನಿಲ್ಲಿಸಿದ್ದ ಬಯಲಿನ ಒಣಹುಲ್ಲು ಹೊತ್ತಿಕೊಂಡು ಮುನ್ನೂರರಷ್ಟು ಕಾರುಗಳು ಸುಟ್ಟು ಕರಕಲಾದವು. ಅಲ್ಲಿ ಒಂದು ಜೀವವೂ ಹೋಗಲಿಲ್ಲ.

ಉರಿಯ ಗಾತ್ರ ನೋಡಿದರೆ ಯಲಹಂಕದ್ದೇ ದೊಡ್ಡದು. ಒಂದಾದ ಮೇಲೊಂದು ಕಾರಿನ ಟ್ಯಾಂಕ್‌ಗಳಿಗೆ ಬೆಂಕಿ ಹರಿಯಿತು. ವಿಮಾನ ನೋಡಲು ಬಂದವರು ಆಕಾಶಕ್ಕೆ ಏರಿದ ಕರಿಹೊಗೆಯನ್ನು ನೋಡುತ್ತ ನಿಂತರು. ಕಾರ್ಲ್‌ಟನ್‌ನಲ್ಲಿ ಎಷ್ಟೋ ಕಚೇರಿಗಳ ಒಳಗೆ ಜ್ವಾಲೆ ಕಾಲಿಡಲೇ ಇಲ್ಲ. ಆದರೂ ಸಾವು ಸಂಭವಿಸಿದ್ದು ಅಲ್ಲೇ. ಯಲಹಂಕದ ಕಾರುಗಳಲ್ಲಿ ಜನರಿರಲಿಲ್ಲ, ಸುತ್ತ ಇದ್ದವರಿಗೆ ನಾಲ್ಕೂ ದಿಕ್ಕಿಗೆ ಬಯಲಿತ್ತು. ಕಾರ್ಲ್‌ಟನ್‌ನಲ್ಲಿ ಮಹಡಿ ತುಂಬ ಜನರಿದ್ದರು, ಹೊರಬರುವ ದಾರಿ ಮುಚ್ಚಿಹೋಗಿತ್ತು.

ಕೆಲಸದ ಜಾಗದ ಅಗ್ನಿ ಸುರಕ್ಷತೆಯ ಬಗ್ಗೆ ನಮ್ಮಲ್ಲಿ ಮಾತು ಶುರುವಾಗುವುದು ಸಾಮಾನ್ಯವಾಗಿ ಸಿಲಿಂಡರ್, ಸ್ಪ್ರಿಂಕ್ಲರ್, ಎನ್‌ಒಸಿಗಳಿಂದ. ಅವೆಲ್ಲ ಬೇಕು. ಆದರೆ ಈ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಎನ್ನಿಸುತ್ತದೆ: ಉರಿ ಬಲಿಯುವ ಮೊದಲು ಈ ಜಾಗವನ್ನು ಖಾಲಿ ಮಾಡಲು ಇಲ್ಲಿರುವವರಿಗೆ ಬರುತ್ತದೆಯೇ? ಸರಕು, ಸರ್ವರ್, ಸ್ಕೂಟರ್ ಹೋದರೆ ವಿಮೆ ಇದೆ. ತುರ್ತು ಯೋಜನೆ ಇರುವುದು ಮನುಷ್ಯರಿಗಾಗಿ.

ಜ್ವಾಲೆಗಿಂತ ಮುಂದೆ ಓಡುವ ಹೊಗೆ

ಕಾರ್ಲ್‌ಟನ್‌ನಲ್ಲಿ ಬೆಂಕಿ ಹುಟ್ಟಿದ್ದು ವಿದ್ಯುತ್ ಕೇಬಲ್‌ಗಳು ಮಹಡಿಯಿಂದ ಮಹಡಿಗೆ ಹಾಯುವ ಡಕ್ಟ್‌ನಲ್ಲಿ. ಕೇಬಲ್‌ನ ಮೇಲುಹೊದಿಕೆ ಉರಿದಾಗ ಬರುವುದು ದಟ್ಟ ಕರಿಹೊಗೆ. ಡಕ್ಟ್ ಪ್ರತಿ ಮಹಡಿಯನ್ನು ದಾಟುವಲ್ಲಿ ಸಂದು ಬಿಟ್ಟಿದ್ದರೆ, ಅದು ಹಳೆಯ ಅಡುಗೆಮನೆಯ ಹೊಗೆಗೂಡಿನಂತೆ ಕೆಲಸ ಮಾಡುತ್ತದೆ. ವ್ಯತ್ಯಾಸವೆಂದರೆ ಹೊಗೆಗೂಡಿನ ತುದಿ ಆಕಾಶಕ್ಕೆ ತೆರೆದಿರುತ್ತದೆ, ಡಕ್ಟ್‌ನ ಸಂದುಗಳು ಜನ ಕೂತಿರುವ ಕೋಣೆಗಳಿಗೆ ತೆರೆದಿರುತ್ತವೆ. ಬಿಸಿಗಾಳಿ ಮೇಲೇರುವುದು ಪ್ರಕೃತಿ ನಿಯಮ. ಬಾಗಿಲು ಮುಚ್ಚಿರದ ಮೆಟ್ಟಿಲುಸಾಲು ಸಿಕ್ಕರಂತೂ ಅದು ಮನುಷ್ಯ ಹತ್ತುವುದಕ್ಕಿಂತ ವೇಗವಾಗಿ ಹತ್ತುತ್ತದೆ. ಅಂದು ಮೆಟ್ಟಿಲುಗಳಲ್ಲಿ ಹೊಗೆ ತುಂಬಿತು, ಹೊರದಾರಿ ಸಿಗದವರು ಕಿಟಕಿ ಒಡೆದರು. ಕೆಲವರು ಉಸಿರುಗಟ್ಟಿ ಸತ್ತರೆ ಕೆಲವರು ಕಿಟಕಿಯಿಂದ ಹಾರಿ ಸತ್ತರು. ಕೆಳಗೆ ರಸ್ತೆಯಲ್ಲಿ ಜನ ನೋಡುತ್ತಿದ್ದರು, ಟಿ.ವಿ.ಯಲ್ಲಿ ನಾಡೆಲ್ಲ ನೋಡಿತು.

ಹೊಗೆ ಕೊಲ್ಲುವ ಬಗೆ ತಿಳಿದರೆ ಅವಸರ ಏಕೆಂಬುದು ತಿಳಿಯುತ್ತದೆ. ಅರೆಬರೆ ಉರಿದ ವಸ್ತುವಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಗೊಂದಲ, ಆಮೇಲೆ ಕಾಲು ಸೋಲು. ಕಚೇರಿಯ ಕುರ್ಚಿ, ಸೋಫಾಗಳೊಳಗಿನ ಫೋಮ್ ಉರಿದರೆ ಹೈಡ್ರೋಜನ್ ಸಯನೈಡ್ ಕೂಡ ಸೇರಿಕೊಳ್ಳುತ್ತದೆ. ‘ಬ್ಯಾಗು ತಗೊಂಡು ಬಂದುಬಿಡ್ತೀನಿ’ ಎಂದು ಹಿಂದಿರುಗಿದವರು ಬ್ಯಾಗಿನ ಪಕ್ಕದಲ್ಲೇ ಕುಸಿಯುವುದು ಹೀಗೆ. ಅವರಿಗೆ ಧೈರ್ಯ ಕಡಿಮೆಯಿರುವುದಿಲ್ಲ. ಯೋಚಿಸುವ ಶಕ್ತಿಯನ್ನೇ ಹೊಗೆ ಮೊದಲು ಕಸಿದಿರುತ್ತದೆ. ಆದ್ದರಿಂದಲೇ ಯೋಚನೆಯ ಕೆಲಸವನ್ನು ಬೆಂಕಿಯಿಲ್ಲದ ದಿನವೇ ಮುಗಿಸಿಡಬೇಕು.

ಹೆಬ್ಬಾಳದ ಆಚೆ ಈಚೆ

ಉತ್ತರ ಬೆಂಗಳೂರಿನಲ್ಲಿ ಕೆಲಸದ ಜಾಗವೆಂದರೆ ಒಂದೇ ಬಗೆಯದಲ್ಲ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಲಕ್ಷದಷ್ಟು ಮಂದಿ ದುಡಿಯುತ್ತಾರೆ. ಯಶವಂತಪುರದ ಅಂಚಿನಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ನ ಗೋಪುರ ನಿಂತಿದೆ. ಅದೇ ಯಶವಂತಪುರದ ಎಪಿಎಂಸಿ ಯಾರ್ಡ್‌ನಲ್ಲಿ ಗೋಣಿಚೀಲ, ಒಣಮೆಣಸಿನಕಾಯಿ, ಬೇಳೆಯ ಮೂಟೆಗಳ ನಡುವೆ ಹಮಾಲರು ಓಡಾಡುತ್ತಾರೆ. ತುಮಕೂರು ರಸ್ತೆ ಹಿಡಿದು ಮುಂದೆ ಹೋದರೆ ಪೀಣ್ಯದ ಪೇಂಟ್, ಪ್ಲಾಸ್ಟಿಕ್, ಗಾರ್ಮೆಂಟ್ಸ್ ಶೆಡ್‌ಗಳು. ಯಲಹಂಕದಲ್ಲಿ ಕರಗಿದ ಉಕ್ಕಿನೊಂದಿಗೆ ದಿನನಿತ್ಯ ವ್ಯವಹರಿಸುವ ರೈಲು ಗಾಲಿ ಕಾರ್ಖಾನೆಯಿದೆ. ಆರ್.ಟಿ. ನಗರ, ಸಹಕಾರನಗರಗಳಲ್ಲಿ ವಾಸಕ್ಕೆಂದು ಕಟ್ಟಿದ ಮನೆಗಳು ಟ್ಯೂಷನ್ ಸೆಂಟರ್, ಡಯಾಗ್ನಾಸ್ಟಿಕ್ ಲ್ಯಾಬ್, ಜಿಮ್, ಸ್ಟಾರ್ಟಪ್ ಕಚೇರಿ, ಪಿ.ಜಿ.ಗಳಾಗಿವೆ.

ಇಲ್ಲಿ ಬೆಂಕಿ ಹೊಸದೇನಲ್ಲ. 2020ರ ಅಕ್ಟೋಬರ್ 2ರಂದು ಯಲಹಂಕದ ಅನಿಲ ಆಧಾರಿತ ವಿದ್ಯುತ್ ಸ್ಥಾವರ ಪರೀಕ್ಷಾರ್ಥ ಚಾಲನೆಯ ಹಂತದಲ್ಲಿದ್ದಾಗ ಬೆಂಕಿ ಹೊತ್ತಿ ಎಂಜಿನಿಯರ್‌ಗಳೂ ಸೇರಿ ಹಲವರಿಗೆ ಸುಟ್ಟಗಾಯಗಳಾದವು. ಯಂತ್ರ ಗೊತ್ತಿದ್ದವರೇ, ತರಬೇತಿ ಪಡೆದವರೇ ಅಲ್ಲಿದ್ದರು. 2024ರ ನವೆಂಬರ್ 19ರ ಸಂಜೆ, ಯಶವಂತಪುರದಿಂದ ಹೆಚ್ಚು ದೂರವಿಲ್ಲದ ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಮಳಿಗೆಯೊಂದು ಹೊತ್ತಿ ಉರಿದು, ಒಳಗೆ ಸಿಲುಕಿದ ಯುವ ಮಹಿಳಾ ಉದ್ಯೋಗಿಯೊಬ್ಬರು ಸತ್ತರು. ಒಂದು ಕಡೆ ದೊಡ್ಡ ಸ್ಥಾವರ, ಇನ್ನೊಂದು ಕಡೆ ರಸ್ತೆಬದಿಯ ಅಂಗಡಿ. ಬೆಂಕಿಗೆ ಎರಡೂ ಒಂದೇ. ಎರಡರ ಮೇಲೆ ಕಾನೂನಿಟ್ಟ ಕಣ್ಣು ಮಾತ್ರ ಒಂದೇ ಅಲ್ಲ.

ಹದಿನೈದು ಮೀಟರಿನ ಕೆಳಗೆ

ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ ಕಟ್ಟಡವನ್ನು ಬಹುಮಹಡಿ ಎಂದು ಗುರುತಿಸುತ್ತದೆ. ರಾಜ್ಯದ ನಿಯಮಗಳಲ್ಲಿ ಈ ಗೆರೆ ಇನ್ನೂ ಮೇಲಕ್ಕೆ ಸರಿದದ್ದೂ ಉಂಟು. ಗೆರೆಯ ಮೇಲಿರುವ ಕಟ್ಟಡಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣೆ, ಹೈಡ್ರಂಟ್, ಸ್ಪ್ರಿಂಕ್ಲರ್, ಹೆಚ್ಚುವರಿ ಮೆಟ್ಟಿಲು ಎಂದು ದೊಡ್ಡ ಪಟ್ಟಿಯೇ ಇದೆ. ಕಾರ್ಲ್‌ಟನ್ ಆದ ಮೇಲೆ, 2011ರ ಜುಲೈನಲ್ಲಿ, ಎತ್ತರದ ಕಟ್ಟಡಗಳ ಸುರಕ್ಷತೆಗಾಗಿ ರಾಜ್ಯ ಸರ್ಕಾರ ಪ್ರತ್ಯೇಕ ಅಧಿಸೂಚನೆಯನ್ನೂ ಹೊರಡಿಸಿತು. ಮಕ್ಕಳನ್ನು, ಬಂಧುಗಳನ್ನು ಕಳೆದುಕೊಂಡವರು ಸೇರಿ ಕಟ್ಟಿದ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆ ಕೋರ್ಟಿನ ಬಾಗಿಲನ್ನೂ ತಟ್ಟಿ, ಈ ವಿಷಯ ಮರೆತುಹೋಗದಂತೆ ನೋಡಿಕೊಂಡಿದೆ. 2023ರ ಜನವರಿಯಲ್ಲಿ 90 ಮೀಟರ್ ಎತ್ತರಕ್ಕೆ ಚಾಚುವ ಏಣಿ ವಾಹನವೂ ರಾಜ್ಯದ ಅಗ್ನಿಶಾಮಕ ದಳಕ್ಕೆ ಬಂತು.

ಗೆರೆಯ ಕೆಳಗಿರುವ ಮೂರು ಮಹಡಿಯ ಮನೆಯ ಗತಿ ನೋಡಿ. ಆರ್.ಟಿ. ನಗರದ ಯಾವುದೇ ಅಡ್ಡರಸ್ತೆಗೆ ಹೋದರೂ ಸಿಗುವ ನಕ್ಷೆ ಇದು. ನೆಲಮಟ್ಟದಲ್ಲಿ ಪಾರ್ಕಿಂಗ್, ಅಲ್ಲಿ ಒತ್ತೊತ್ತಾಗಿ ಇಪ್ಪತ್ತು ಸ್ಕೂಟರ್, ಅವುಗಳಲ್ಲಿ ನಾಲ್ಕೈದು ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಗಾಡಿಗಳು. ಗೋಡೆಯ ಮೇಲೆ ಬೆಸ್ಕಾಂನ ಏಳೆಂಟು ಮೀಟರ್‌ಗಳ ಬೋರ್ಡು. ಬೋರ್ಡಿನ ಪಕ್ಕದಲ್ಲೇ ಮೇಲಕ್ಕೆ ಹತ್ತುವ ಮೆಟ್ಟಿಲು, ಕಟ್ಟಡಕ್ಕೆಲ್ಲ ಅದೊಂದೇ. ಮೊದಲ ಮಹಡಿಯಲ್ಲಿ ಕೋಚಿಂಗ್ ಕ್ಲಾಸ್, ಎರಡನೆಯದರಲ್ಲಿ ಸಾಫ್ಟ್‌ವೇರ್ ಕಂಪನಿ, ಮೂರನೆಯದರಲ್ಲಿ ಪಿ.ಜಿ. ಕಳ್ಳರ ಭಯಕ್ಕೆ ಕಿಟಕಿಗಳಿಗೆಲ್ಲ ಕಬ್ಬಿಣದ ಗ್ರಿಲ್. ಟೆರೇಸಿನ ಬಾಗಿಲಿಗೆ ಬೀಗ, ಕೀಲಿಕೈ ಮಲ್ಲೇಶ್ವರದಲ್ಲಿರುವ ಮಾಲೀಕರ ಬಳಿ. ಬೆಂಕಿ ಹುಟ್ಟಬಹುದಾದ ಜಾಗ, ಬೆಂಕಿಗೆ ಬೇಕಾದ ಇಂಧನ, ಜನ ಇಳಿಯಬೇಕಾದ ದಾರಿ, ಮೂರೂ ಒಂದೇ ಮೂಲೆಯಲ್ಲಿ! ಕಟ್ಟಿದ ಎಂಜಿನಿಯರ್‌ನ ತಪ್ಪಲ್ಲ, ಅವರು ಕಟ್ಟಿದ್ದು ಒಂದು ಕುಟುಂಬಕ್ಕಾಗಿ. ಬಳಕೆ ಬದಲಾದಾಗ ಮೆಟ್ಟಿಲಿನ ಬಗ್ಗೆ ಯಾರೂ ಯೋಚಿಸಲಿಲ್ಲ.

ಇಂಥ ಕಟ್ಟಡದ ಬಾಡಿಗೆದಾರರು ಕಾನೂನು ಬಂದು ಬಾಗಿಲು ಬಡಿಯುವವರೆಗೆ ಕಾಯಬೇಕಿಲ್ಲ. ಮಾಲೀಕರೊಂದಿಗೆ ಮಾತಾಡಿ ಮೀಟರ್ ಬೋರ್ಡಿನ ಎದುರು ಗಾಡಿ ನಿಲ್ಲದಂತೆ ಹಳದಿ ಗೆರೆ ಎಳೆಸಬಹುದು. ಚಾರ್ಜಿಂಗ್ ಅನ್ನು ಮೆಟ್ಟಿಲಿನಿಂದ ದೂರದ ಗೇಟಿನ ಬಳಿಗೆ ಸರಿಸಬಹುದು. ಮಹಡಿಗೊಂದು ಕಿಟಕಿಯ ಗ್ರಿಲ್ಲನ್ನು ಒಳಗಿನಿಂದ ತೆಗೆಯಲು ಬರುವ ಹಾಗೆ ಮಾಡಿಸಬಹುದು. ಟೆರೇಸಿನ ಬಾಗಿಲಿಗೆ ಬೀಗದ ಬದಲು ಒಳಚಿಲಕ ಸಾಕು. ಮಹಡಿಗೊಂದು ಹೊಗೆ ಪತ್ತೆ ಸಾಧನ ಹಾಕಿದರೆ ಕೆಳಗಿನವರ ಬೆಂಕಿ ಮೇಲಿನವರಿಗೆ ತಡವಾಗಿ ತಿಳಿಯುವುದು ತಪ್ಪುತ್ತದೆ. ಇದಕ್ಕೆಲ್ಲ ಆಗುವ ಖರ್ಚು ಒಂದು ತಿಂಗಳ ಬಾಡಿಗೆಯ ಹತ್ತಿರಕ್ಕೂ ಬರಲಿಕ್ಕಿಲ್ಲ.

ಬೀಗದ ಕಥೆ ಹಳೆಯದು

ಕಾರ್ಖಾನೆಗಳ ಬೆಂಕಿಯ ಇತಿಹಾಸದಲ್ಲಿ ಬೀಗ ಮತ್ತೆ ಮತ್ತೆ ಬರುತ್ತದೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಶರ್ಟ್‌ವೇಸ್ಟ್ ಎಂಬ ಉಡುಪು ಕಾರ್ಖಾನೆಯಲ್ಲಿ 146 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೊಲಿಗೆ ಕೆಲಸದ ಹೆಣ್ಣುಮಕ್ಕಳು. ಬಟ್ಟೆ ಕದ್ದೊಯ್ಯಬಾರದೆಂದು, ಎಲ್ಲರೂ ಒಂದೇ ಬಾಗಿಲಿನಿಂದ ಹೋಗಲಿ ಎಂದು, ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದ್ದರು. ಪೀಣ್ಯ, ಯಶವಂತಪುರದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದ ಯಾವ ಹೆಣ್ಣುಮಗಳಿಗೂ ಸಂಜೆಯ ಬ್ಯಾಗ್ ತಪಾಸಣೆಯ ಸಾಲು ಹೊಸದಲ್ಲ. ತಪಾಸಣೆ ಇರಲಿ, ಅದಕ್ಕಾಗಿ ಇನ್ನೊಂದು ಬಾಗಿಲು ಮುಚ್ಚಬಾರದು, ಅಷ್ಟೇ.

ನಮ್ಮಲ್ಲೇ 2018ರ ಜನವರಿ 8ರ ನಸುಕಿನಲ್ಲಿ ಕಲಾಸಿಪಾಳ್ಯದ ಬಾರ್ ಒಂದರಲ್ಲಿ ಬೆಂಕಿ ಬಿದ್ದು, ಕೆಲಸ ಮುಗಿಸಿ ಒಳಗೇ ಮಲಗಿದ್ದ ಐವರು ನೌಕರರು ಸತ್ತರು. ಹಗಲು ದುಡಿಯುವ ಜಾಗವೇ ರಾತ್ರಿ ಮಲಗುವ ಜಾಗವಾಗುವುದು ಹೋಟೆಲು, ಬೇಕರಿ, ಗೋದಾಮುಗಳಲ್ಲಿ ಮಾಮೂಲು. ಶಟರ್ ಎಳೆದು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವ ಮಾಲೀಕ ತನ್ನ ಮಾಲಿಗೆ ಕಾವಲು ಹಾಕಿದೆನೆಂದುಕೊಳ್ಳುತ್ತಾನೆ. ಒಳಗಿರುವವರ ಜೀವದ ಕೀಲಿಯೂ ಅವನ ಜೇಬಿಗೆ ಬಂದಿರುತ್ತದೆ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯಲ್ಲಿ ಹದಿನಾಲ್ಕಕ್ಕೂ ಹೆಚ್ಚು ಮಂದಿ ಸತ್ತಾಗಲೂ, ಒಳಗಿದ್ದವರಿಗೆ ಹೊರಬರಲು ದಾರಿ ಸಿಗಲಿಲ್ಲ ಎಂಬ ಮಾತೇ ಮತ್ತೆ ಕೇಳಿಬಂತು.

ಟೆಕ್ ಪಾರ್ಕಿನ ಬೀಗ ಕಣ್ಣಿಗೆ ಕಾಣುವುದಿಲ್ಲ. ಅಲ್ಲಿ ಬಾಗಿಲು ತೆರೆಯುವುದು ಗುರುತಿನ ಕಾರ್ಡ್ ತೋರಿಸಿದಾಗ. ಅಲಾರಾಂ ಮೊಳಗಿದೊಡನೆ ಈ ಅಯಸ್ಕಾಂತದ ಬೀಗಗಳು ತಾವೇ ಬಿಟ್ಟುಕೊಳ್ಳಬೇಕು, ಕರೆಂಟು ಹೋದರೂ ತೆರೆದುಕೊಳ್ಳಬೇಕು. ನಿಜಕ್ಕೂ ಹಾಗಾಗುತ್ತದೆಯೇ ಎಂಬುದನ್ನು ಅಲಾರಾಂ ಮೊಳಗಿಸಿಯೇ ನೋಡಬೇಕು. ಇನ್ನೊಂದು ನೋಟ ಬಹುತೇಕ ಎಲ್ಲ ಕಚೇರಿಗಳಲ್ಲೂ ಉಂಟು: ಮೆಟ್ಟಿಲಿನ ಅಗ್ನಿನಿರೋಧಕ ಬಾಗಿಲು ಪದೇ ಪದೇ ಮುಚ್ಚಿಕೊಳ್ಳುತ್ತದೆಂದು ಅದಕ್ಕೆ ಅಡ್ಡವಾಗಿ ಬೆಂಕಿ ನಂದಿಸುವ ಸಿಲಿಂಡರ್ ಇಟ್ಟಿರುತ್ತಾರೆ. ಆ ಬಾಗಿಲು ಇರುವುದೇ ಮುಚ್ಚಿಕೊಳ್ಳಲು. ಹೊಗೆ ಮೆಟ್ಟಿಲಿಗೆ ನುಗ್ಗದಂತೆ ತಡೆಯುವ ಬಾಗಿಲೂ ಕೆಟ್ಟಿತು, ಸಿಲಿಂಡರೂ ತನ್ನ ಜಾಗ ಬಿಟ್ಟಿತು.

ದಳ ಬರುವ ಮುನ್ನ

ಯಲಹಂಕ, ಯಶವಂತಪುರ, ಪೀಣ್ಯಗಳಲ್ಲಿ ಅಗ್ನಿಶಾಮಕ ಠಾಣೆಗಳಿವೆ. ಕರೆ ಬಂದೊಡನೆ ಅವರು ಹೊರಡುತ್ತಾರೆ. ಆದರೆ ಸಂಜೆ ಆರೂವರೆಗೆ ಹೆಬ್ಬಾಳ ಮೇಲ್ಸೇತುವೆಯನ್ನು, ಗೊರಗುಂಟೆಪಾಳ್ಯದ ಸಿಗ್ನಲ್ಲನ್ನು, ಜಯಮಹಲ್ ರಸ್ತೆಯನ್ನು ಬಲ್ಲವರು ಮುಂದಿನದನ್ನು ಊಹಿಸಬಲ್ಲರು. ಅಡ್ಡರಸ್ತೆಯ ಎರಡೂ ಬದಿಗೆ ಕಾರು ನಿಲ್ಲಿಸಿದ್ದರೆ ನೀರಿನ ಲಾರಿ ತಿರುಗಲಿಕ್ಕೂ ಜಾಗವಿರುವುದಿಲ್ಲ. ಹಾಗಾಗಿ ಮೊದಲ ಕೆಲ ನಿಮಿಷ ಕಟ್ಟಡದೊಳಗಿನವರದೇ. ‘ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ’ ಎಂದು ಗಾದೆ ನಗುತ್ತದೆ. ಬಾವಿ ತೋಡಲು ಹೊರಟವನಿಗೆ ಮನೆಯಿಂದ ಹೊರಬರುವ ದಾರಿಯಾದರೂ ಗೊತ್ತಿತ್ತು!

ಒಳ್ಳೆಯ ತುರ್ತು ಯೋಜನೆ ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಬೆಂಕಿ ಕಂಡವರು ಮೊದಲು ಏನು ಮಾಡಬೇಕು? ಕೂಗಬೇಕು, ಅಲಾರಾಂ ಒತ್ತಬೇಕು. ಬಾಸ್‌ಗೆ ಫೋನ್ ಮಾಡಿ ಅನುಮತಿ ಕೇಳುವುದು ಬೇಡ. ಕರೆ ಯಾರು ಮಾಡಬೇಕು? ಒಬ್ಬರ ಹೆಸರು, ಅವರಿಲ್ಲದಿದ್ದರೆ ಇನ್ನೊಬ್ಬರ ಹೆಸರು. ಅಗ್ನಿಶಾಮಕಕ್ಕೆ 101, ಎಲ್ಲ ತುರ್ತಿಗೂ 112, ಆಂಬುಲೆನ್ಸ್‌ಗೆ 108, ಅಡುಗೆ ಅನಿಲ ಸೋರಿಕೆಗೆ 1906. ಕರೆ ಮಾಡಿದವರು ವಿಳಾಸದ ಜೊತೆಗೆ ಹತ್ತಿರದ ಗುರುತು, ಎಷ್ಟನೇ ಮಹಡಿ, ಒಳಗೆ ಜನರಿದ್ದಾರೆಯೇ ಎಂಬುದನ್ನು ಹೇಳಿ, ಎದುರಿನವರು ಇಟ್ಟ ಮೇಲೆ ಫೋನ್ ಇಡಬೇಕು. ಮುಖ್ಯರಸ್ತೆಯ ತಿರುವಿನಲ್ಲಿ ನಿಂತು ವಾಹನಕ್ಕೆ ದಾರಿ ತೋರಿಸಲು ಒಬ್ಬರು ಬೇಕು. ಗೇಟು ತೆರೆದು, ಹೈಡ್ರಂಟ್ ಎದುರಿನ ಬೈಕು ಸರಿಸಲು ಒಬ್ಬರು. ವಿದ್ಯುತ್ತಿನ ಮುಖ್ಯ ಸ್ವಿಚ್ಚು, ಅನಿಲದ ಕವಾಟ ಎಲ್ಲಿದೆಯೆಂದು ಇಬ್ಬರಿಗಾದರೂ ತಿಳಿದಿರಬೇಕು.

ಮಹಡಿಗೊಬ್ಬ ಫೈರ್ ವಾರ್ಡನ್ ಇರಬೇಕೆಂಬುದು ಕಟ್ಟಡ ಸಂಹಿತೆಯ ಮಾತು. ಶೌಚಾಲಯ, ಮೀಟಿಂಗ್ ರೂಮ್, ಪ್ರಾರ್ಥನಾ ಕೋಣೆ, ತಾಯಂದಿರು ಹಾಲೂಡುವ ಕೋಣೆಗಳನ್ನು ನೋಡಿಕೊಂಡು ಕೊನೆಯಲ್ಲಿ ಹೊರಡುವುದು ಅವರ ಕೆಲಸ. ಈಗ ಇದಕ್ಕೊಂದು ಹೊಸ ತೊಡಕಿದೆ. ವಾರ್ಡನ್ ಶುಕ್ರವಾರ ಮನೆಯಿಂದ ಕೆಲಸ ಮಾಡುತ್ತಾರೆ. ಬೆಂಕಿಗೆ ಹಾಜರಿ ಪುಸ್ತಕ ನೋಡಿ ಬರುವ ಅಭ್ಯಾಸವಿಲ್ಲ. ಆಯಾ ದಿನ ಬಂದವರಲ್ಲಿ ಒಬ್ಬರಿಗೆ ಹೊಣೆ ಹೋಗುವ ಏರ್ಪಾಡು ಬೇಕು. ಹೊರಬಂದ ಮೇಲೆ ತಲೆಯೆಣಿಸುವಾಗಲೂ ಇಂದು ಕಚೇರಿಗೆ ಯಾರು ಬಂದಿದ್ದರೆಂಬ ಲೆಕ್ಕ ಕೈಯಲ್ಲಿರಬೇಕು. ‘ಒಳಗೆ ಯಾರಾದರೂ ಇದ್ದಾರಾ?’ ಎಂದು ದಳದ ಅಧಿಕಾರಿ ಕೇಳುವ ಮೊದಲ ಪ್ರಶ್ನೆಗೆ ‘ಗೊತ್ತಿಲ್ಲ’ ಎಂದರೆ, ಯಾರೂ ಇಲ್ಲದ ಹೊಗೆಯೊಳಗೆ ಸಿಬ್ಬಂದಿ ತಮ್ಮ ಜೀವ ಒತ್ತೆಯಿಟ್ಟು ಹುಡುಕಬೇಕಾಗುತ್ತದೆ.

ಲಿಫ್ಟ್ ಬಳಸಬಾರದೆಂಬುದು ಎಲ್ಲರಿಗೂ ಗೊತ್ತು, ಏಕೆಂದು ಕೇಳಿದರೆ ತಡವರಿಸುತ್ತಾರೆ. ಕರೆಂಟು ಹೋದರೆ ಅದು ನಡುವೆ ನಿಲ್ಲುತ್ತದೆ, ಲಿಫ್ಟ್ ಓಡುವ ಹೊಂಡದಲ್ಲಿ ಹೊಗೆ ತುಂಬುತ್ತದೆ, ಬೆಂಕಿಯಿರುವ ಮಹಡಿಯಲ್ಲೇ ಬಾಗಿಲು ತೆರೆದುಕೊಂಡರೂ ತೆರೆದುಕೊಂಡಿತು. ಗಾಲಿಕುರ್ಚಿಯ ಉದ್ಯೋಗಿ, ತುಂಬು ಗರ್ಭಿಣಿ, ಮಂಡಿನೋವಿನ ಹಿರಿಯರಿಗೆ ಯಾರು ಜೊತೆಯಾಗಬೇಕೆಂಬುದನ್ನು ಹೆಸರು ಹಿಡಿದು ಬರೆದಿಡಬೇಕು. ಮೆಟ್ಟಿಲಲ್ಲೇ ಹೊಗೆಯಿದ್ದರೆ ಅದರೊಳಗೆ ನುಗ್ಗುವುದು ಬೇಡ. ಕೋಣೆಗೆ ಹಿಂದಿರುಗಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ರಸ್ತೆ ಕಡೆಯ ಕಿಟಕಿಯಲ್ಲಿ ಬಟ್ಟೆ ಬೀಸುತ್ತ, ಫೋನಿನಲ್ಲಿ ತಾನಿರುವ ಜಾಗ ತಿಳಿಸಬೇಕು. ಹೊಗೆಯ ನಡುವೆಯೇ ಸಾಗಬೇಕಾಗಿ ಬಂದರೆ ಬಗ್ಗಿ, ತೆವಳಿ ಸಾಗಬೇಕು. ನೆಲದ ಹತ್ತಿರ ಉಸಿರಾಡುವ ಗಾಳಿ ಸ್ವಲ್ಪ ಹೆಚ್ಚು ಹೊತ್ತು ಉಳಿದಿರುತ್ತದೆ.

ಕೆಂಪು ಸಿಲಿಂಡರಿಗೂ ಮಿತಿಯಿದೆ

ಗೋಡೆಗೆ ನೇತುಹಾಕಿದ ಆರು ಕಿಲೋ ಪುಡಿಯ ಅಗ್ನಿನಂದಕ ಅರ್ಧ ನಿಮಿಷದೊಳಗೆ ಖಾಲಿಯಾಗುತ್ತದೆ. ಅದು ಆರಂಭದ ಸಣ್ಣ ಬೆಂಕಿಗೆ, ಅಂದರೆ ಕಸದ ಬುಟ್ಟಿಯಷ್ಟು ಉರಿಗೆ ಮಾತ್ರ. ಪಿನ್ ಎಳೆದು, ಕೊಳವೆಯನ್ನು ಉರಿಯ ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಎಡಕ್ಕೂ ಬಲಕ್ಕೂ ಬೀಸಬೇಕು. ಬೆನ್ನ ಹಿಂದೆ ಬಾಗಿಲಿರಬೇಕು. ಒಂದು ಸಿಲಿಂಡರಿಗೆ ಆರದ ಬೆಂಕಿಗೆ ಬೆನ್ನು ಹಾಕುವುದು ಹೇಡಿತನವಲ್ಲ.

ಯಾವ ಬೆಂಕಿಗೆ ಯಾವುದು ಎಂಬುದೂ ತಿಳಿದಿರಬೇಕು. ಕಾಗದ, ಬಟ್ಟೆ, ಮರಕ್ಕೆ ನೀರಾಗುತ್ತದೆ. ಪೆಟ್ರೋಲ್, ಥಿನ್ನರ್‌ಗೆ ನೀರು ಹಾಕಿದರೆ ಉರಿ ಹರಡುತ್ತದೆ, ಅಲ್ಲಿ ನೊರೆ ಅಥವಾ ಪುಡಿ ಬೇಕು. ಸರ್ವರ್ ರೂಮ್, ಯುಪಿಎಸ್, ವಿದ್ಯುತ್ ಪ್ಯಾನೆಲ್‌ಗೆ ಕಾರ್ಬನ್ ಡೈ ಆಕ್ಸೈಡ್. ದರ್ಶಿನಿಯ ಕಾದ ಎಣ್ಣೆಗೆ ಒಂದು ಚೊಂಬು ನೀರು ಸುರಿದರೂ ಎಣ್ಣೆ ಸಿಡಿದು ಚಾವಣಿ ಮುಟ್ಟುತ್ತದೆ. ಒಲೆ ಆರಿಸಿ ಬಾಣಲೆಗೆ ಮುಚ್ಚಳ ಮುಚ್ಚುವುದೇ ಮದ್ದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದ್ದು ಮೇಲೇರದೆ ನೆಲಮಾಳಿಗೆಗೋ ಚರಂಡಿಗೋ ಇಳಿದು ಕೂರುತ್ತದೆ. ಅದಕ್ಕೇ ವಾಸನೆ ಬಂದೊಡನೆ ಸ್ವಿಚ್ಚು ಮುಟ್ಟದೆ, ಬಾಗಿಲು ಕಿಟಕಿ ತೆರೆದು ಹೊರಬರಬೇಕು.

ಲಿಥಿಯಂ ಬ್ಯಾಟರಿಯದು ಬೇರೆಯೇ ಲೆಕ್ಕ. ಒಂದು ಕೋಶ ಕಾದರೆ ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಮತ್ತೊಂದನ್ನು. ಒಳಗಿನ ರಾಸಾಯನಿಕ ಕ್ರಿಯೆಯಿಂದಲೇ ಆಮ್ಲಜನಕ ಬಿಡುಗಡೆಯಾಗುವುದರಿಂದ ಪುಡಿ ಎರಚಿದರೆ ಮೇಲಿನ ಉರಿ ಅಡಗಿದಂತೆ ಕಂಡು ಮತ್ತೆ ಭುಗಿಲೇಳುತ್ತದೆ. ಹೊಗೆಯಲ್ಲಿ ವಿಷಾನಿಲಗಳೂ ಇರುತ್ತವೆ. ಡೆಲಿವರಿ ಹುಡುಗರ ಬ್ಯಾಟರಿ ಬದಲಾಯಿಸುವ ಅಂಗಡಿ, ಸ್ಕೂಟರ್ ಮಳಿಗೆ, ಕಚೇರಿಯ ನೆಲಮಾಳಿಗೆಯ ಚಾರ್ಜಿಂಗ್ ಸಾಲು, ಇಲ್ಲೆಲ್ಲ ಒಂದೇ ಸೂತ್ರ: ಚಾರ್ಜಿಂಗ್ ಜಾಗ ಹೊರಬಾಗಿಲಿಗೂ ಜನರಿಗೂ ನಡುವೆ ಇರಬಾರದು. ಬ್ಯಾಟರಿ ಹೊತ್ತಿಕೊಂಡರೆ ಜನ ಹೊರಗೆ, ಬಾಗಿಲು ಮುಚ್ಚು, ಕರೆ ಮಾಡು.

ಪ್ರಯೋಗಾಲಯಗಳಿಗೂ ಎಚ್ಚರಿಕೆಯ ಉದಾಹರಣೆಯಿದೆ. 2023ರ ಆಗಸ್ಟ್ 11ರಂದು ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲಿ ಬೆಂಕಿ ಹೊತ್ತಿ ಒಂಬತ್ತು ಮಂದಿ ಗಾಯಗೊಂಡರು. ಅವರಲ್ಲಿ ಮುಖ್ಯ ಎಂಜಿನಿಯರ್ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ರಸ್ತೆ ಕಾಮಗಾರಿಯ ಮಾದರಿ ಪರೀಕ್ಷಿಸುವ ಮಾಮೂಲಿ ಕೆಲಸದ ಜಾಗವದು.

ಫೋಟೊಗಾಗಿ ನಡೆಯುವ ತಾಲೀಮು

1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸ್ಫೋಟಕ ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗಿಗೆ ಬೆಂಕಿ ಬಿದ್ದು ಸ್ಫೋಟಿಸಿದಾಗ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಏಪ್ರಿಲ್ 14ರಿಂದ 20ರವರೆಗೆ ದೇಶವೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹ. ನಮ್ಮ ಕಚೇರಿಗಳ ಅಣಕು ತಾಲೀಮು ಹೆಚ್ಚಾಗಿ ನಡೆಯುವುದು ಆ ವಾರದಲ್ಲಿ. ಹಿಂದಿನ ದಿನವೇ ಇಮೇಲ್ ಬರುತ್ತದೆ, ಹನ್ನೊಂದಕ್ಕೆ ಅಲಾರಾಂ. ಜನ ಹರಟುತ್ತ ಇಳಿದು, ಫೋಟೊ ತೆಗೆಸಿಕೊಂಡು, ಕಾಫಿ ಕುಡಿದು ಹತ್ತುತ್ತಾರೆ. ಅಡುಗೆಯವರು, ಹೌಸ್‌ಕೀಪಿಂಗ್‌ನವರು, ರಾತ್ರಿ ಪಾಳಿಯವರು, ಕ್ಯಾಬ್ ಚಾಲಕರು ಆ ಫೋಟೊದಲ್ಲಿರುವುದಿಲ್ಲ.

ಬಹುಮಹಡಿ ಕಟ್ಟಡಗಳಲ್ಲಿ ಮೊದಲ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ ತಾಲೀಮು ನಡೆಯಬೇಕೆಂದು ಕಟ್ಟಡ ಸಂಹಿತೆ ಹೇಳುತ್ತದೆ. ಕಾರ್ಮಿಕರಿಗೆ ತಪ್ಪಿಸಿಕೊಳ್ಳುವ ದಾರಿ ಪರಿಚಯವಿರಬೇಕು, ತರಬೇತಿಯೂ ಆಗಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 38ನೇ ಸೆಕ್ಷನ್‌ನಲ್ಲೇ ಇತ್ತು. ಆ ಕಾಯ್ದೆಯ ಜಾಗಕ್ಕೆ ಈಗ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಕೆಲಸ ಕೊಟ್ಟವರ ಹೊಣೆ ಬದಲಾಗಿಲ್ಲ. ತಾಲೀಮಿನಿಂದ ಏನಾದರೂ ಕಲಿಯಬೇಕಾದರೆ ಅದು ಹೇಳದೆ ಬರಬೇಕು. ಒಮ್ಮೆ ಒಂದು ಮೆಟ್ಟಿಲಿಗೆ ‘ಇಲ್ಲಿ ಬೆಂಕಿ’ ಎಂದು ಫಲಕ ಹಾಕಿ ಜನ ಇನ್ನೊಂದನ್ನು ಹುಡುಕಿಕೊಳ್ಳುತ್ತಾರೆಯೇ ನೋಡಬೇಕು. ಒಮ್ಮೆ ರಾತ್ರಿ ಪಾಳಿಯಲ್ಲಿ, ಒಮ್ಮೆ ಊಟದ ಹೊತ್ತಿನಲ್ಲಿ ನಡೆಸಬೇಕು. ಕೊನೆಯವರು ಹೊರಬರಲು ಎಷ್ಟು ಹೊತ್ತಾಯಿತು, ಯಾವ ಬಾಗಿಲು ತೆರೆಯಲಿಲ್ಲ ಎಂಬುದನ್ನು ಬರೆದಿಟ್ಟು ಮುಂದಿನ ಸಲದೊಳಗೆ ಸರಿಪಡಿಸಬೇಕು.

ಭಾಷೆಯನ್ನೂ ಮರೆಯಬಾರದು. ಕೀಲಿಗೊಂಚಲು ಇರುವುದು ಸೆಕ್ಯುರಿಟಿಯವರ ಬಳಿ. ಅವರಲ್ಲಿ ಅನೇಕರು ಒಡಿಶಾ, ಅಸ್ಸಾಂ, ಬಿಹಾರದಿಂದ ಬಂದವರು. ಕಸ ಗುಡಿಸುವವರು ಪಾವಗಡದಿಂದಲೋ ರಾಯಚೂರಿನಿಂದಲೋ ಬಂದಿರುತ್ತಾರೆ. ಗೋಡೆಯ ಮೇಲಿನ ನಕ್ಷೆ, ಸೂಚನೆಗಳು ಮಾತ್ರ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ, ಕೆಲಸಗಾರರು ಓದಬಲ್ಲ ಭಾಷೆಯಲ್ಲಿ, ಚಿತ್ರಗಳಲ್ಲಿ ಆ ಸೂಚನೆ ಇರಬೇಕು. ಓದು ಬರದವರಿಗೆ ಕೈಹಿಡಿದು ನಡೆಸಿ ತೋರಿಸಬೇಕು. ಹೊಗೆಯಲ್ಲಿ ಫಲಕ ಕಾಣುವುದಿಲ್ಲ, ನಡೆದು ಗೊತ್ತಿದ್ದ ದಾರಿಯೇ ನೆರವಿಗೆ ಬರುವುದು.

ದೊಡ್ಡ ಸುಧಾರಣೆಗಳು ಸರ್ಕಾರದಿಂದ, ಪಾಲಿಕೆಯಿಂದ ಆಗಬೇಕು. ವಾಸದ ಮನೆ ವಾಣಿಜ್ಯ ಕಟ್ಟಡವಾಗುವಾಗ ಮೆಟ್ಟಿಲು, ವಿದ್ಯುತ್ ಭಾರ, ಪಾರ್ಕಿಂಗ್ ಪರಿಶೀಲಿಸದೆ ಉದ್ದಿಮೆ ಪರವಾನಗಿ ಕೊಡಬಾರದು; ಎತ್ತರದ ಅಳತೆಯ ಜೊತೆಗೆ ಒಳಗಿರುವ ಜನರ ಸಂಖ್ಯೆಯನ್ನೂ ನಿಯಮ ಕೇಳಬೇಕು. ಅದಕ್ಕೆ ಒತ್ತಾಯಿಸುತ್ತಲೇ, ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಈ ಸೋಮವಾರ ಕೆಲಸಕ್ಕೆ ಹೋದಾಗ ಲಿಫ್ಟನ್ನೂ ದಿನಾ ಹತ್ತುವ ಮೆಟ್ಟಿಲನ್ನೂ ಬಿಟ್ಟು, ಇನ್ನೊಂದು ಮೆಟ್ಟಿಲಿನಿಂದ ರಸ್ತೆಯವರೆಗೆ ಇಳಿದು ನೋಡಿ. ದಾರಿಯಲ್ಲಿ ಬೀಗ, ರಟ್ಟಿನ ಪೆಟ್ಟಿಗೆ, ಹಳೇ ಕುರ್ಚಿ ಏನೇ ಸಿಕ್ಕರೂ ಫೋಟೊ ತೆಗೆದು ಆಡಳಿತದವರಿಗೆ ಅಂದೇ ಕಳುಹಿಸಿ. ಒಂದು ವಾರದ ಬಳಿಕ ಮತ್ತೆ ಇಳಿದು ನೋಡಿ. ಇನ್ನೊಂದು ಮೆಟ್ಟಿಲೇ ಇಲ್ಲವೆಂದು ಗೊತ್ತಾದರೆ ಅಂದೇ ಮಾಲೀಕರೊಂದಿಗೆ ಮಾತು ಶುರು ಮಾಡಿ.